ಉಳಿದವರೊಬ್ಬರಿಗೆ ಆ ಊರು ಒಗ್ಗುವುದೇ?

ಧಾರವಾಡಕ್ಕೆ ನಿವೃತ್ತರ ಊರೆಂಬ ಹೆಸರು ಹಳೆಯದು. ಮುಂಬೈಯಲ್ಲೋ ಬೆಂಗಳೂರಿನಲ್ಲೋ ದುಡಿದು ದಣಿದವರು ಮಾಳಮಡ್ಡಿಯಲ್ಲಿ, ಸಪ್ತಾಪುರದಲ್ಲಿ ಮನೆ ಕಟ್ಟಿಸಿಕೊಂಡು, ಬೆಳಿಗ್ಗೆ ವಿಶ್ವವಿದ್ಯಾಲಯದ ಆವರಣದಲ್ಲಿ ನಾಲ್ಕು ಹೆಜ್ಜೆ ನಡೆದು, ಸಂಜೆ ಗೆಳೆಯರೊಡನೆ ಕಟ್ಟೆಯ ಮೇಲೆ ಕೂತು ಉಳಿದ ಆಯುಷ್ಯ ಕಳೆಯಲು ಇಲ್ಲಿಗೆ ಬರುತ್ತಿದ್ದರು, ಈಗಲೂ ಬರುತ್ತಾರೆ. ಹಾಗಿದ್ದೂ ಇತ್ತೀಚಿನ ವರ್ಷಗಳಲ್ಲಿ ಹುಬ್ಬಳ್ಳಿಯ ನನ್ನ ಕಚೇರಿಗೆ ತೆರಿಗೆ ರಿಟರ್ನ್ ತುಂಬಿಸಲು ಬರುವ ಪಿಂಚಣಿದಾರರಲ್ಲಿ ಒಬ್ಬಿಬ್ಬರಾದರೂ, ಕಡತ ಮುಚ್ಚಿದ ಮೇಲೆ ಕುರ್ಚಿಯಿಂದ ಏಳದೆ, ಹೊರದೇಶದ ಯಾವ ಊರಿನಲ್ಲಿ ನೆಲೆಸಿದರೆ ಚೆನ್ನ ಎಂದು ಕೇಳುತ್ತಾರೆ. ಮಕ್ಕಳ ಮನೆಗೆ ಹೋಗಿ ಇರುವವರ ಮಾತು ಇದಲ್ಲ. ಅಲ್ಲಿ ಊರನ್ನು ಆಯ್ದವರು ಮಕ್ಕಳು. ಮಗ ಮೆಲ್ಬರ್ನ್‌ನಲ್ಲಿ, ಮಗಳು ಲಂಡನ್‌ನಲ್ಲಿ ಇದ್ದು, ಯಾರ ಮನೆಯಲ್ಲೂ ಹಂಗಿಗೆ ಬೀಳದೆ ಎಲ್ಲರಿಗೂ ನಡುವಿನ ಒಂದು ಊರಿನಲ್ಲಿ ತಾವಿಬ್ಬರೇ ಇರಬೇಕೆನ್ನುವ ದಂಪತಿಗಳ ಪ್ರಶ್ನೆ ಇದು.

ಹೀಗೆ ಬರುವವರು ಸಾಮಾನ್ಯವಾಗಿ ಲೆಕ್ಕ ಹಾಕಿಕೊಂಡೇ ಬರುತ್ತಾರೆ. ಎರಡು ಕೋಣೆಯ ಫ್ಲ್ಯಾಟಿನ ಬಾಡಿಗೆ, ತರಕಾರಿ, ವಿದ್ಯುತ್ತು, ಕೆಲಸದವರ ಸಂಬಳ ಎಲ್ಲವೂ ಒಂದು ಹಾಳೆಯ ಮೇಲೆ ಇರುತ್ತದೆ, ಮತ್ತು ಆ ಲೆಕ್ಕ ಬಹಳ ಸಲ ಸರಿಯೇ ಇರುತ್ತದೆ. ನಾನು ಕೇಳುವುದು ಆ ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು: ನಿಮ್ಮಿಬ್ಬರಲ್ಲಿ ಒಬ್ಬರು ತೀರಿದ ಮೇಲೆ ಇನ್ನೊಬ್ಬರು ಆ ಊರಿನಲ್ಲಿ ಒಬ್ಬರೇ ಇರಬಲ್ಲರೇ? ಕೇಳಿದ ತಕ್ಷಣ ಕೋಣೆಯಲ್ಲಿ ಒಂದು ಬಗೆಯ ಮೌನ ಕವಿಯುತ್ತದೆ, ಯಜಮಾನರು ನನ್ನ ಮೇಲೆ ಸ್ವಲ್ಪ ಮುನಿಸಿಕೊಳ್ಳುವುದೂ ಉಂಟು. ಆದರೆ ಇಬ್ಬರಿಗೆ ಒಗ್ಗುವ ಊರು ಹುಡುಕುವುದು ಸುಲಭ. ಒಬ್ಬರಿಗೆ ಒಗ್ಗುವ ಊರನ್ನೇ ಹುಡುಕಬೇಕು.

ಇದು ಬರಿಯ ಭಾವನೆಯ ಮಾತಲ್ಲ ಎಂಬುದಕ್ಕೆ ಹುಬ್ಬಳ್ಳಿಯ ಕೇಶ್ವಾಪುರದ ಒಂದು ದಂಪತಿಯ ಲೆಕ್ಕವನ್ನೇ ನೋಡಬಹುದು. ಯಜಮಾನರು ರೈಲ್ವೆಯಿಂದ ನಿವೃತ್ತರು. ವರ್ಷಕ್ಕೆ ಸುಮಾರು 11 ಲಕ್ಷ ರೂಪಾಯಿ ಪಿಂಚಣಿ. ಅವರ ಕಣ್ಣು ಇದ್ದದ್ದು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಮೇಲೆ. 50 ವರ್ಷ ದಾಟಿದವರಿಗೆ ಆ ದೇಶ ನಿವೃತ್ತಿ ವೀಸಾ ಕೊಡುತ್ತದೆ. ಅದಕ್ಕೆ ತಿಂಗಳಿಗೆ 65,000 ಬಾತ್ ಆದಾಯವನ್ನು ತೋರಿಸಬೇಕು, ಇಲ್ಲವೇ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು. ಒಂದು ಬಾತ್‌ಗೆ ಎರಡೂವರೆ ರೂಪಾಯಿಗಿಂತ ಹೆಚ್ಚೇ ಕೊಡಬೇಕಾದ ಕಾಲ ಇದು. ಅಂದರೆ ತಿಂಗಳಿಗೆ 1.6 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯ, ಅಥವಾ 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಠೇವಣಿ. ಪಿಂಚಣಿ ಆದಾಯದ ಗೆರೆಯನ್ನು ಮುಟ್ಟುವುದಿಲ್ಲವಾದ್ದರಿಂದ ಅವರು ಠೇವಣಿಯ ದಾರಿ ಹಿಡಿದರು. ಆ ಹಣ ಯಜಮಾನರ ಹೆಸರಿನಲ್ಲಿ, ಪತ್ನಿ ಅವಲಂಬಿತೆಯಾಗಿ ಜೊತೆಗೆ, ಎಂಬುದು ಅವರ ಯೋಜನೆ.

ಈಗ ಯಜಮಾನರು ಇಲ್ಲವೆಂದು ಭಾವಿಸೋಣ. ಪತ್ನಿಯ ವಾಸದ ಹಕ್ಕಿಗೆ ಇದ್ದ ಆಧಾರವೇ ಹೋಯಿತು; ಆಕೆ ತನ್ನದೇ ಹೆಸರಿನಲ್ಲಿ ಅರ್ಹತೆ ತೋರಿಸಬೇಕು. ಅರ್ಹತೆಗೆ ಬೇಕಾದ ಹಣವಾದರೋ ಮೃತರ ಖಾತೆಯಲ್ಲಿ ಇದೆ, ಮತ್ತು ಅಲ್ಲಿನ ನ್ಯಾಯಾಲಯ ಆಸ್ತಿಗೆ ಒಬ್ಬ ನಿರ್ವಾಹಕರನ್ನು ನೇಮಿಸುವವರೆಗೆ ಬ್ಯಾಂಕು ಅದನ್ನು ಬಿಡುಗಡೆ ಮಾಡುವುದು ಕಷ್ಟ. ಇತ್ತ ಊರಿನಲ್ಲಿ, ಕೊನೆಯ ವೇತನದ ಶೇ 50ರಷ್ಟಿದ್ದ ಪಿಂಚಣಿ ಶೇ 30ರ ಕುಟುಂಬ ಪಿಂಚಣಿಯಾಗಿರುತ್ತದೆ. ಐದು ರೂಪಾಯಿ ಬರುತ್ತಿದ್ದಲ್ಲಿ ಮೂರು. ಬಾಡಿಗೆ ಮಾತ್ರ ಒಬ್ಬರಿದ್ದರೂ ಅಷ್ಟೇ, ಇಬ್ಬರಿದ್ದರೂ ಅಷ್ಟೇ. ಆದ್ದರಿಂದ ನಾನು ಕೊಡುವ ಸಲಹೆ ಏನೆಂದರೆ, ಇಬ್ಬರಿಗೂ ಪ್ರತ್ಯೇಕ ವೀಸಾ, ಪ್ರತ್ಯೇಕ ಖಾತೆ, ಪ್ರತ್ಯೇಕ ಠೇವಣಿ ಇರಬೇಕು. ಹಾಗೆ ಮಾಡಲು ಕೈಯಲ್ಲಿ 40 ಲಕ್ಷಕ್ಕೂ ಮೇಲೆ ಹಣ ಇಲ್ಲದಿದ್ದರೆ ಆ ಊರು ನಿಮ್ಮ ಕೈಗೆ ಎಟುಕುವುದಿಲ್ಲ ಎಂದೇ ಅರ್ಥ, ಬಾಡಿಗೆ ಎಷ್ಟೇ ಕಡಿಮೆ ಇರಲಿ.

ಮಲೇಷ್ಯಾದ ಲೆಕ್ಕ ಇನ್ನೂ ಭಾರ. ಅಲ್ಲಿನ ‘ನನ್ನ ಎರಡನೆಯ ಮನೆ’ ಎಂಬ ಯೋಜನೆಯನ್ನು 2024ರಲ್ಲಿ ಹೊಸದಾಗಿ ರೂಪಿಸಿದಾಗ, ಕೆಳಗಿನ ಬೆಳ್ಳಿ ದರ್ಜೆಗೇ 1.5 ಲಕ್ಷ ಡಾಲರ್ ಠೇವಣಿ ಬೇಕೆಂದೂ ಅದರ ಮೇಲೆ ಕನಿಷ್ಠ 6 ಲಕ್ಷ ರಿಂಗಿಟ್ ಬೆಲೆಯ ಮನೆಯನ್ನು ಕೊಳ್ಳಲೇಬೇಕೆಂದೂ ನಿಯಮ ಮಾಡಿದರು. ಎರಡನ್ನೂ ಕೂಡಿಸಿದರೆ ಎರಡು ಕೋಟಿ ರೂಪಾಯಿ ಮೀರುತ್ತದೆ. ವಿದ್ಯಾನಗರದ ವ್ಯಾಪಾರಸ್ಥರಿಗೆ ಇದು ಸಾಧ್ಯವಿರಬಹುದು, ನಿವೃತ್ತ ಪ್ರಾಧ್ಯಾಪಕರಿಗಂತೂ ಅಲ್ಲ. ದುಬೈ 55 ದಾಟಿದವರಿಗೆ ಐದು ವರ್ಷದ ವೀಸಾ ಕೊಡುತ್ತದೆ, ದೊಡ್ಡ ಮಾಸಿಕ ಆದಾಯ ಇಲ್ಲದಿದ್ದರೆ ಅದಕ್ಕೆ 10 ಲಕ್ಷ ದಿರ್ಹಮ್ ಉಳಿತಾಯವೋ ಅಷ್ಟೇ ಬೆಲೆಯ ಆಸ್ತಿಯೋ ತೋರಿಸಬೇಕು. ಅದೂ ಎರಡು ಕೋಟಿಯ ಮೇಲಿನ ಮಾತೇ.

ಹಣದ ಗೆರೆ ದಾಟಿದವರಿಗೆ ನನ್ನ ಎರಡನೆಯ ಮಾತು, ಊರನ್ನು ಅದರ ಕೆಟ್ಟ ತಿಂಗಳಿನಲ್ಲಿ ನೋಡಿ ಬನ್ನಿ ಎಂಬುದು. ಎಲ್ಲರೂ ಹೋಗುವುದು ಒಳ್ಳೆಯ ತಿಂಗಳಿನಲ್ಲಿ. ಚಿಯಾಂಗ್ ಮಾಯ್ ಡಿಸೆಂಬರಿನಲ್ಲಿ ನಮ್ಮ ಧಾರವಾಡದ ಚಳಿಗಾಲವನ್ನೇ ನೆನಪಿಸುತ್ತದೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆಗೂ ಕಾಡಿಗೂ ಬೆಂಕಿ ಬಿದ್ದು, ಸುತ್ತಲೂ ಬೆಟ್ಟಗಳಿರುವ ಆ ಕಣಿವೆಯಲ್ಲಿ ಹೊಗೆ ವಾರಗಟ್ಟಲೆ ನಿಂತುಬಿಡುತ್ತದೆ, ಎದುರಿನ ಬೆಟ್ಟವೇ ಕಾಣದಂತಾಗುತ್ತದೆ. ಉಬ್ಬಸ ಇದ್ದವರಿಗೆ ಅದು ಸಣ್ಣ ವಿಷಯವಲ್ಲ. ಮಲೇಷ್ಯಾದ ಪೆನಾಂಗಿಗೂ ಕೆಲವು ವರ್ಷ ಸುಮಾತ್ರಾದ ಬೆಂಕಿಯ ಹೊಗೆ ಬರುತ್ತದೆ; 2015ರಲ್ಲೂ 2019ರಲ್ಲೂ ಬಂದಿತ್ತು. ಪೋರ್ಚುಗಲ್‌ನ ಲಿಸ್ಬನ್‌ನ ಚಿತ್ರಗಳನ್ನು ನೋಡಿ ಮರುಳಾದವರಿಗೆ ನಾನು ಮೊಣಕಾಲಿನ ಬಗ್ಗೆ ಕೇಳುತ್ತೇನೆ. ಏಳು ಗುಡ್ಡಗಳ ಆ ಊರಿನ ಕಾಲುದಾರಿಗಳಿಗೆ ಸುಣ್ಣಕಲ್ಲಿನ ಸಣ್ಣ ಚೂರುಗಳನ್ನು ಹಾಸಿದ್ದಾರೆ, ಸವೆದು ನುಣುಪಾಗಿರುವ ಅವು ಮಳೆಗೆ ಜಾರುತ್ತವೆ; ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ, ಜನವರಿಯಲ್ಲಿ ಮನೆಯ ಒಳಗೇ ಚಳಿ ಹಿಡಿಯುತ್ತದೆ. ದುಬೈಯ ಜೂನ್‌ನಿಂದ ಸೆಪ್ಟೆಂಬರ್ ಹೇಗಿರುತ್ತದೆಂದು ಬಳ್ಳಾರಿ, ರಾಯಚೂರಿನ ಬೇಸಿಗೆ ಕಂಡವರಿಗೂ ಊಹಿಸುವುದು ಕಷ್ಟ. ಬೆಳಗಿನ ವಾಯುವಿಹಾರ ಅಲ್ಲಿ ಮಾಲ್‌ನ ಒಳಗೆ ನಡೆಯುತ್ತದೆ.

ಊಟದ ಮಾತನ್ನು ಜನ ನಗುತ್ತ ಎತ್ತಿ ನಗುತ್ತಲೇ ಬಿಟ್ಟುಬಿಡುತ್ತಾರೆ, ಅದು ತಪ್ಪು. ಥಾಯ್ ಅಡುಗೆಯಲ್ಲಿ ಮೀನಿನ ರಸ ಉಪ್ಪಿನಷ್ಟೇ ಸಹಜವಾಗಿ ಬೀಳುತ್ತದೆ, ತರಕಾರಿ ಪಲ್ಯದಲ್ಲೂ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳಲ್ಲಿ ಮಾತ್ರ ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲದ ಊಟ ಸಿಗುತ್ತದೆ; ನಮ್ಮ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳ ಹಿರಿಯರಿಗೆ ಗುರುತಿಡಬೇಕಾದ ಅಕ್ಷರ ಅದೊಂದೇ. ಪೆನಾಂಗ್‌ನ ಜಾರ್ಜ್‌ಟೌನ್‌ನಲ್ಲಿ ತಮಿಳರು ತಲೆಮಾರುಗಳಿಂದ ಇರುವುದರಿಂದ ಇಡ್ಲಿ, ದೇವಸ್ಥಾನ, ಹೂವು ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಜೋಳದ ಹಿಟ್ಟು ದೊರೆಯುವುದೇ ಎಂದು ಮಾತ್ರ ಎಲ್ಲೇ ಹೋದರೂ ಮೊದಲೇ ವಿಚಾರಿಸಿಕೊಳ್ಳಬೇಕು. ಒಬ್ಬರೇ ಉಳಿದಾಗ ಈ ಎಲ್ಲದರ ತೂಕ ಇಮ್ಮಡಿಯಾಗುತ್ತದೆ, ಏಕೆಂದರೆ ಒಬ್ಬರಿಗಾಗಿ ಅಡುಗೆ ಮಾಡಿಕೊಳ್ಳುವ ಉಮೇದು ಬಹಳ ಜನರಿಗೆ ಇರುವುದಿಲ್ಲ.

ಇನ್ನು ನನ್ನ ಕಸುಬಿನ ಮಾತು. ಪಿಂಚಣಿಯ ಮೇಲಿನ ತುಟ್ಟಿಭತ್ಯೆ ಏರುವುದು ಭಾರತದ ಬೆಲೆ ಸೂಚ್ಯಂಕವನ್ನು ನೋಡಿ. ಬಾತ್ ಏರಿತೋ ಯೂರೋ ಏರಿತೋ ಅದಕ್ಕೆ ಗೊತ್ತಿಲ್ಲ. 2005ರ ಸುಮಾರಿಗೆ 44 ರೂಪಾಯಿಗೆ ಸಿಗುತ್ತಿದ್ದ ಡಾಲರ್ 2025ರಲ್ಲಿ 85 ದಾಟಿತು. 62ರಲ್ಲಿ ಹೋದವರು 82ರವರೆಗೆ ಇರಬೇಕೆಂದರೆ ಇಷ್ಟೇ ಇಳಿತವನ್ನು ಮತ್ತೊಮ್ಮೆ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ತೆರಿಗೆಯಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಭಾರತದಲ್ಲಿ ಇರುವ ದಿನಗಳು ಕಡಿಮೆಯಾಗಿ ಒಬ್ಬರು ಅನಿವಾಸಿಯಾದರೆ ತೆರಿಗೆಯೇ ಇರುವುದಿಲ್ಲವೆಂದು ಅನೇಕರು ನಂಬಿದ್ದಾರೆ. ಸರ್ಕಾರಿ ಸೇವೆಯ ಪಿಂಚಣಿಗೆ ಭಾರತದಲ್ಲಿ ತೆರಿಗೆ ಇದ್ದೇ ಇದೆ, ನೀವು ಎಲ್ಲಿಯೇ ಇರಿ. ಅಷ್ಟೇ ಅಲ್ಲ, 2025–26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಶೂನ್ಯವಾಗುವುದು ಲೆಕ್ಕ ಹಾಕಿದ ತೆರಿಗೆಯನ್ನೇ ಬಿಟ್ಟುಕೊಡುವ ರಿಬೇಟ್‌ನಿಂದ, ಮತ್ತು ಆ ರಿಬೇಟ್ ನಿವಾಸಿಗಳಿಗೆ ಮಾತ್ರ. ಕೇಶ್ವಾಪುರದವರ 11 ಲಕ್ಷ ಪಿಂಚಣಿಯಲ್ಲಿ 75,000 ರೂಪಾಯಿ ಪ್ರಮಾಣಿತ ಕಡಿತ ಕಳೆದರೆ ಉಳಿಯುವುದು 10.25 ಲಕ್ಷ. ಹುಬ್ಬಳ್ಳಿಯಲ್ಲಿ ಕೂತಿದ್ದರೆ ಅದಕ್ಕೆ ಒಂದು ರೂಪಾಯಿಯೂ ತೆರಿಗೆ ಇಲ್ಲ. ಅನಿವಾಸಿಯಾದ ಮರುಕ್ಷಣ ಸೆಸ್ ಸೇರಿ 44,200 ರೂಪಾಯಿ. ಉಳಿತಾಯ ಖಾತೆಯನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಅದರ ಬಡ್ಡಿಗೆ ಮೂಲದಲ್ಲೇ ಶೇ 30 ಕಡಿತ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಹಣ ಇಡುವಂತಿಲ್ಲ. ಥಾಯ್ಲೆಂಡ್ ಕೂಡ 2024ರ ಜನವರಿಯಿಂದ, ವರ್ಷದಲ್ಲಿ 180 ದಿನ ಅಲ್ಲಿದ್ದವರು ಹೊರಗಿನಿಂದ ತರಿಸಿಕೊಳ್ಳುವ ಆದಾಯವನ್ನು ತೆರಿಗೆಗೆ ಒಳಪಡಿಸಿದೆ. ಇಲ್ಲಿನ ಮನೆ ಬಾಡಿಗೆಯನ್ನು ಅಲ್ಲಿಗೆ ತರಿಸಿಕೊಳ್ಳುವವರು ಇದನ್ನು ನೆನಪಿಡಬೇಕು. ಇನ್ನೂ ನಿವಾಸಿಯಾಗಿರುವಾಗ ಹೊರಗೆ ಹಣ ಕಳಿಸಿದರೆ ವರ್ಷಕ್ಕೆ 10 ಲಕ್ಷದ ಮೇಲಿನ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ಅದು ರಿಟರ್ನ್‌ನಲ್ಲಿ ಮರಳಿ ಬರುತ್ತದೆ, ಆದರೆ ತಿಂಗಳುಗಳ ನಂತರ. ಪತಿ ಪತ್ನಿ ಇಬ್ಬರೂ ತಮ್ಮ ತಮ್ಮ ಹಣವನ್ನು ತಮ್ಮ ತಮ್ಮ ಪ್ಯಾನ್‌ನಲ್ಲಿ ಕಳಿಸಿದರೆ ಇಬ್ಬರಿಗೂ ಬೇರೆ ಬೇರೆ 10 ಲಕ್ಷದ ಮಿತಿ ಸಿಗುತ್ತದೆ.

ಧಾರವಾಡದ ಮನೆಯನ್ನು ಮಾರಿಯೇ ಹೋಗುವುದೆಂಬ ಹಟ ಹಿಡಿದವರನ್ನು ನಾನು ತಡೆದಷ್ಟು ಬೇರೆ ಯಾವುದರಲ್ಲೂ ತಡೆದಿಲ್ಲ. ಮೊದಲ ಎರಡು ವರ್ಷ ಬಾಡಿಗೆಗೂ ಕೊಡದೆ ಒಂದು ಕೋಣೆಯನ್ನಾದರೂ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ ಎನ್ನುತ್ತೇನೆ. ಹಾಗೆಂದು ಹೋದ ಮೇಲೆ ಮಾರುವುದೂ ಜಾಣತನವಲ್ಲ: 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಗೆ ಹಣದುಬ್ಬರ ಕಳೆದು ಶೇ 20ರ ದರದಲ್ಲಿ ತೆರಿಗೆ ಲೆಕ್ಕ ಹಾಕುವ ಆಯ್ಕೆ ನಿವಾಸಿಗಳಿಗೆ ಉಂಟು, ಅನಿವಾಸಿಗಳಿಗೆ ಇಲ್ಲ. 1990ರಲ್ಲಿ ಮೂರು ಲಕ್ಷಕ್ಕೆ ಕೊಂಡ ಜಾಗ ಇದ್ದವರಿಗೆ ಈ ವ್ಯತ್ಯಾಸ ಕೆಲವೊಮ್ಮೆ ಲಕ್ಷಗಳಲ್ಲಿ ಇರುತ್ತದೆ. ನವಲಗುಂದದ ಹೊಲವನ್ನು ಹಾಗೆಯೇ ಇಟ್ಟುಕೊಂಡು ಹೋಗಬಹುದು, ಉತಾರದಲ್ಲಿ (ಪಹಣಿಯಲ್ಲಿ) ಹೆಸರೂ ಉಳಿಯುತ್ತದೆ. ಅನಿವಾಸಿಯಾದ ಮೇಲೆ ಹೊಸ ಕೃಷಿಭೂಮಿ ಕೊಳ್ಳಲು ಮಾತ್ರ ಬರುವುದಿಲ್ಲ.

ಕಾಗದಪತ್ರಗಳಲ್ಲಿ ನಮ್ಮ ಭಾಗದಲ್ಲಿ ಸಾಮಾನ್ಯವಾದ ತೊಡಕೊಂದಿದೆ. 1980ರ ದಶಕದಲ್ಲಿ ಮದುವೆಯಾದವರಲ್ಲಿ ಲಗ್ನಪತ್ರಿಕೆ ಇರುತ್ತದೆ, ನೋಂದಣಿ ಇರುವುದಿಲ್ಲ. ಗಂಡನ ಮನೆಗೆ ಬಂದಾಗ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇದ್ದ ಮನೆಗಳಲ್ಲಿ, ಶಾಲೆಯ ದಾಖಲೆಯಲ್ಲಿ ಒಬ್ಬಾಕೆ, ಪಾಸ್‌ಪೋರ್ಟಿನಲ್ಲಿ ಇನ್ನೊಬ್ಬಾಕೆ. ಪತ್ನಿ ಎಂದು ಸಾಬೀತುಪಡಿಸಲು ಹೊರದೇಶದ ಕಚೇರಿ ಕೇಳುವುದು ಸರ್ಕಾರಿ ದೃಢೀಕರಣದ ಮುದ್ರೆ ಬಿದ್ದ ವಿವಾಹ ಪ್ರಮಾಣಪತ್ರವನ್ನು. ವೀಸಾದ ಮಾತು ಬರುವ ಮೊದಲೇ ಉಪನೋಂದಣಿ ಕಚೇರಿಗೆ ಹೋಗಿ ಬನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ; ಹೊರದೇಶಕ್ಕೆ ಹೋಗದಿದ್ದರೂ ಕುಟುಂಬ ಪಿಂಚಣಿಯ ಕಾಲಕ್ಕೆ ಅದು ಬೇಕಾಗುತ್ತದೆ.

ಸಾವಿನ ಮಾತನ್ನೂ ಆಡಲೇಬೇಕು. ಬೌದ್ಧರ ನಾಡಾದ ಥಾಯ್ಲೆಂಡಿನಲ್ಲಿ ದಹನ ರೂಢಿಯ ಸಂಗತಿ, ಅಲ್ಲಿ ದಹನ ಸಂಸ್ಕಾರಕ್ಕೆ ತೊಂದರೆಯಿಲ್ಲ. ಆದರೆ ಕುಳ್ಳಿರಿಸಿ ಮಣ್ಣು ಕೊಡುವ ಲಿಂಗಾಯತ ಪದ್ಧತಿಗೆ ಹೊರದೇಶದ ಊರಿನಲ್ಲಿ ಜಾಗ ದೊರಕಿಸುವುದು ಬೇರೆಯೇ ಕೆಲಸ. ದೇಹವನ್ನು ಊರಿಗೆ ತರುವುದಾದರೆ ಸ್ಥಳೀಯ ಮರಣಪತ್ರ, ದೇಹ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ಭಾರತೀಯ ರಾಯಭಾರ ಕಚೇರಿಯ ಒಪ್ಪಿಗೆ ಬೇಕು; ಹುಬ್ಬಳ್ಳಿಗೆ ಅಂತರರಾಷ್ಟ್ರೀಯ ವಿಮಾನ ಇಲ್ಲದ ಕಾರಣ ಬೆಂಗಳೂರಿನಲ್ಲೋ ಗೋವಾದಲ್ಲೋ ಇಳಿಸಿ, ಬೆಂಗಳೂರಾದರೆ 400 ಕಿಲೋಮೀಟರಿಗೂ ಹೆಚ್ಚು ರಸ್ತೆಯಲ್ಲಿ ತರಬೇಕು. ಇದನ್ನೆಲ್ಲ ಓಡಾಡಿ ಮಾಡುವವರು ಯಾರು? ಅಳುತ್ತ ಕೂತ, ಆ ಊರಿನ ಭಾಷೆ ಬಾರದ, ಅದೇ ಉಳಿದವರೊಬ್ಬರು.

ಕೇಶ್ವಾಪುರದ ದಂಪತಿ ನನ್ನ ಮಾತು ಕೇಳಿ ಮೊದಲ ಸಲ ಹೋದದ್ದು ಮಾರ್ಚ್‌ನಲ್ಲಿ. ಮೂರು ವಾರಕ್ಕೆಂದು ಹೋದವರು ಹದಿಮೂರನೆಯ ದಿನಕ್ಕೆ ಕೆಮ್ಮುತ್ತ ಮರಳಿದರು. ಅಲ್ಲಿದ್ದಾಗ ಯಜಮಾನರು ಮನೆಯಲ್ಲೇ ಕೂತು, ಪತ್ನಿಯೊಬ್ಬರನ್ನೇ ಔಷಧಿ ಅಂಗಡಿಗೂ ಬ್ಯಾಂಕಿಗೂ ಕಳಿಸಬೇಕೆಂದು ನಾನು ಹೇಳಿದ್ದೆ. ಔಷಧಿ ಅಂಗಡಿಯನ್ನು ಆಕೆ ಫೋನಿನ ಅನುವಾದದ ನೆರವಿನಿಂದ ನಿಭಾಯಿಸಿದರು. ಬ್ಯಾಂಕಿನಿಂದ ಅರ್ಧ ಗಂಟೆಗೆ ತಿರುಗಿ ಬಂದರಂತೆ. ‘ಇವರು ಇದ್ದರ ಎಲ್ಲಾ ಆಗತದ್ರಿ, ಇವರು ಇರಲಿಲ್ಲಂದ್ರ ನಾ ಅಲ್ಲಿ ಯಾಕ ಇರಲಿ?’ ಎಂದು ಆಕೆ ನನ್ನೆದುರೇ ಕೇಳಿದಾಗ ಯಜಮಾನರು ಉತ್ತರಿಸಲಿಲ್ಲ. ಸದ್ಯ ಅವರು ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸಿ, ಡಿಸೆಂಬರ್, ಜನವರಿಗೆ 60 ದಿನಗಳ ಪ್ರವಾಸಿ ವೀಸಾದಲ್ಲಿ ಅದೇ ಊರಿಗೆ ಹೋಗಿ, ಹೊಗೆ ಏಳುವ ಮೊದಲೇ ಮರಳುತ್ತಾರೆ. ನಿವಾಸಿ ಸ್ಥಾನವೂ ಉಳಿದಿದೆ, ರಿಬೇಟೂ ಉಳಿದಿದೆ. ನಿವೃತ್ತಿ ವೀಸಾದ ಕಡತ ನನ್ನ ಕಪಾಟಿನಲ್ಲಿಯೇ ಇದೆ. ಅದರಲ್ಲಿ ಈವರೆಗೆ ಪೂರ್ತಿಯಾಗಿರುವುದು, 41 ವರ್ಷದ ನಂತರ ಮಾಡಿಸಿದ ಅವರ ವಿವಾಹ ನೋಂದಣಿಯೊಂದೇ.