ಬೆಂಕಿ ಇಲ್ಲದೆ ಲೋಹಕ್ಕೆ ಇಳಿಯುವ ಗುಲಾಬಿ ಎಸಳು

ಚಿಕ್ಕಬಳ್ಳಾಪುರದ ತೋಟದ ಗುಲಾಬಿ ಸಿಕ್ಕರೆ ಒಂದು ಎಸಳು ಕಿತ್ತು, ಅದರ ಮೇಲೆ ಒಂದೇ ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ದುಂಡಗೆ ಕೂರುತ್ತದೆ. ಈಗ ಎಸಳನ್ನು ನಿಧಾನವಾಗಿ ಮಗುಚಿ. ಹನಿ ಬೀಳುವುದಿಲ್ಲ, ಹಾಗೇ ಅಂಟಿಕೊಂಡು ತೂಗುತ್ತದೆ. ಕೆಸುವಿನ ಎಲೆಯಾದರೆ ಸ್ವಲ್ಪ ಓರೆ ಮಾಡಿದರೂ ಸಾಕು, ಉರುಳಿ ಹೋಗುತ್ತದೆ. ಈ ವ್ಯತ್ಯಾಸ ಇರುವುದು ಮೈಯ ಉಬ್ಬುತಗ್ಗುಗಳಲ್ಲಿ. ಗುಲಾಬಿ ಎಸಳಿನ ಒಂದೊಂದು ಉಬ್ಬು ಸುಮಾರು 16 ಮೈಕ್ರೋಮೀಟರ್ ಅಗಲ. ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅದರ ಮೇಲೆ ಇನ್ನೂ ಸಣ್ಣ ಮಡಿಕೆಗಳು.

ತುಮಕೂರಿನಲ್ಲಿ ಎರಕದ ಕೆಲಸ ಮಾಡುವ ನನಗೆ ಈ ಮೈಯನ್ನು ಲೋಹಕ್ಕೆ ಇಳಿಸುವ ಆಸೆ ಹಳೆಯದು. ಅಡ್ಡಿ ಒಂದೇ, ಬಿಸಿ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ, ತಾಮ್ರ 1,085ಕ್ಕೆ. ಎಸಳು ಬೂದಿಯಾಗುತ್ತದೆ. ಒಮ್ಮೆ ಪ್ಲಾಸ್ಟರಿನಲ್ಲಿ ಎಸಳು ಹೂತು, ಸುಟ್ಟು, ತವರ ಸುರಿದೆ. ನರಗಳು ಚೆನ್ನಾಗಿಯೇ ಮೂಡಿದವು. ನೀರಿನ ಹನಿ ಮಾತ್ರ ಚಪ್ಪಟೆಯಾಗಿ ಹರಡಿತು. ಎಸಳಿಗೆ ವಿದ್ಯುತ್ ಹರಿಯುವ ಬಣ್ಣ ಬಳಿದು ತಾಮ್ರದ ಪ್ಲೇಟಿಂಗ್ ಮಾಡಬಹುದು, ಬೆಂಕಿ ಬೇಡ. ಆದರೆ ಆ ಬಣ್ಣವೇ ಸಣ್ಣ ಮಡಿಕೆಗಳನ್ನು ಮುಚ್ಚಿಬಿಟ್ಟರೆ ಏನು ಉಳಿಯಿತು, ಅಲ್ವಾ?

ಅದಕ್ಕೇ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಥುವೊ ತಂಡ ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು. ಬಿಸ್ಮತ್, ಇಂಡಿಯಂ, ತವರ ಸೇರಿದ ಫೀಲ್ಡ್ಸ್ ಮೆಟಲ್ ಸುಮಾರು 62 ಡಿಗ್ರಿಗೇ ಕರಗುತ್ತದೆ. ಕರಗಿದ್ದನ್ನು ದ್ರವದಲ್ಲಿ ಜೋರಾಗಿ ಕಡೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗುತ್ತವೆ. ಪ್ರತಿ ಹನಿಗೂ ಆಕ್ಸೈಡಿನ ತೆಳು ಸಿಪ್ಪೆ ಕಟ್ಟುತ್ತದೆ. ಆಮೇಲೆ ಎಲ್ಲ ತಣ್ಣಗಾದರೂ ಒಳಗಿನ ಲೋಹ ಗಟ್ಟಿಯಾಗುವುದಿಲ್ಲ! ಹೆಪ್ಪು ಹಾಕದ ಹಾಲಿನ ಹಾಗೆ ಅದು. ಗಟ್ಟಿಯಾಗಲು ಎಲ್ಲೋ ಒಂದು ಕಡೆ ಹರಳು ಶುರುವಾಗಬೇಕು. ಅಷ್ಟು ಸಣ್ಣ ಹನಿಯಲ್ಲಿ ಅದಕ್ಕೆ ಆಸರೆಯೇ ಸಿಗುವುದಿಲ್ಲ.

ಈ ತಣ್ಣನೆಯ ಹನಿಗಳನ್ನು ದ್ರವದ ಸಮೇತ ಎಸಳಿನ ಮೇಲೆ ಹರಡುತ್ತಾರೆ. ದ್ರವ ಆರುತ್ತಾ ಹೋದ ಹಾಗೆ ಹನಿಗಳನ್ನು ಸಂದುಗೊಂದಿಗೆ ಎಳೆದು ಒತ್ತಾಗಿ ಕೂರಿಸುತ್ತದೆ. ಕೊನೆಗೆ ತೆಳು ಆಮ್ಲ ಆ ಸಿಪ್ಪೆಯನ್ನು ಕರಗಿಸುತ್ತದೆ. ಹನಿಗಳು ಒಂದಕ್ಕೊಂದು ಸೇರಿ, ಅಲ್ಲೇ ಗಟ್ಟಿಯಾಗುತ್ತವೆ. ಎಸಳು ಸುಡುವುದಿಲ್ಲ. ಅದನ್ನು ತೆಗೆದರೆ ಲೋಹದಲ್ಲಿ ಅದರ ಮೈ ಉಳಿದಿರುತ್ತದೆ.

ಇದರಲ್ಲಿ ಮಷೀನಿನ ಭಾಗ ಮಾಡಬಹುದಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಇಂಡಿಯಂ ದುಬಾರಿ, ಲೋಹ ಮೆತ್ತಗೆ. ಇದರಲ್ಲಿ ಚಮಚ ಮಾಡಿ ಬಿಸಿ ಕಾಫಿಗೆ ಹಾಕಿದರೆ ಲೋಟದ ತಳದಲ್ಲಿ ಕರಗಿ ಕೂರುತ್ತದೆ.