ಡೆಂಟ್ ಸ್ಟೇಷನ್ ಊರಿಗೆ ಯಾಕೆ ಬರಲಿಲ್ಲ?

ಉತ್ತರ ಇಂಗ್ಲೆಂಡಿನ ಡೆಂಟ್ ಸ್ಟೇಷನ್ನಿನಲ್ಲಿ ಇಳಿದರೆ ಊರು ಪಕ್ಕದಲ್ಲಿಲ್ಲ. ಡೆಂಟ್ ಹಳ್ಳಿ ಇರುವುದು ಆರು ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ, ಸುಮಾರು 200 ಮೀಟರ್ ಕೆಳಗೆ. 'ಸ್ಟೇಷನ್ ಯಾಕೆ ಅಷ್ಟು ದೂರ?' ಎಂದು ಕೇಳಿದರೆ, 'ಹಳಿ ಪಕ್ಕ ಇರಲಿ ಅಂತ' ಅನ್ನುವುದು ಅಲ್ಲಿನ ಹಳೇ ಜೋಕು. ಕಟ್ಟಿದವರಿಗೆ ತಲೆ ಇರಲಿಲ್ಲ ಎಂದು ಇದನ್ನು ಕೇಳಿ ನಗುವವರಿದ್ದಾರೆ. ನನಗೆ ರೇಗುವುದು ಅಲ್ಲೇ. ಜೋಕಿನ ಉತ್ತರ ಸರಿಯಾಗೇ ಇದೆ.

ಸ್ಕಾಟ್ಲೆಂಡಿಗೆ ಹೋಗಲು ಮಿಡ್ಲೆಂಡ್ ರೈಲ್ವೆ ಕಂಪನಿ ಎದುರಾಳಿಯ ಹಳಿ ನಂಬಬೇಕಿತ್ತು. ಸ್ವಂತ ದಾರಿಗೆ 1866ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಪಡೆಯಿತು. ಆಮೇಲೆ ಖರ್ಚಿಗೆ ಹೆದರಿ ಬೇಡ ಅಂದರೆ ಪಾರ್ಲಿಮೆಂಟ್ ಬಿಡಲಿಲ್ಲ! ಹೀಗೆ ಒಲ್ಲದ ಮನಸ್ಸಿನಿಂದ ಕಟ್ಟಿದ ಸೆಟಲ್–ಕಾರ್ಲೈಲ್ ಮಾರ್ಗದಲ್ಲಿ 1876ರಲ್ಲಿ ಪ್ರಯಾಣಿಕರ ರೈಲು ಓಡಿತು. ಡೆಂಟ್ ಸ್ಟೇಷನ್ ತೆರೆದದ್ದು ಮರುವರ್ಷ.

ಈಗ ಏರಿನ ಲೆಕ್ಕ ನೋಡಿ. ಸಮತಟ್ಟಾದ ಹಳಿಯಲ್ಲಿ ಒಂದು ಟನ್ ಎಳೆಯಲು ಮೂರ್ನಾಲ್ಕು ಕಿಲೋ ತೂಕದಷ್ಟು ಬಲ ಸಾಕು. ನೂರು ಮೀಟರಿಗೆ ಒಂದು ಮೀಟರ್ ಏರಿಸಿ, ಇನ್ನೂ 10 ಕಿಲೋ ಬೇಕು. ನಡೆಯುವವನ ಕಾಲಿಗೆ ಗೊತ್ತೇ ಆಗದ ಏರು ಅದು, ಎಂಜಿನ್ನಿಗೆ ಮಾತ್ರ ಕೆಲಸ ಮೂರು ಪಟ್ಟಿಗೂ ಜಾಸ್ತಿ. ಮಳೆ ಬಂದರೆ ಉಕ್ಕಿನ ಮೇಲೆ ಉಕ್ಕು ಜಾರುತ್ತದೆ, ಚಕ್ರ ನಿಂತಲ್ಲೇ ತಿರುಗುತ್ತದೆ. ಅದಕ್ಕೇ ಈ ಮಾರ್ಗದಲ್ಲಿ ನೂರಕ್ಕೆ ಒಂದು ಎಂಬ ಮಿತಿ ಇಟ್ಟುಕೊಂಡರು. ಹಳಿ ಊರಿಗೆ ಇಳಿದಿದ್ದರೆ 200 ಮೀಟರ್ ಮತ್ತೆ ಹತ್ತಲು 20 ಕಿಲೋಮೀಟರ್ ಬೇಕಾಗುತ್ತಿತ್ತು. ಊರಿಂದ, ಈ ಹಳಿ ಬೆಟ್ಟ ದಾಟುವ ಬ್ಲೀ ಮೂರ್ ಸುರಂಗದ ಬಾಯಿಗೆ ಹತ್ತು ಕಿಲೋಮೀಟರೂ ಇಲ್ಲ. ಹಾಗಾಗಿ ಹಳಿ ಮೇಲೇ ಉಳಿಯಿತು, ಬೆಟ್ಟದ ಮಗ್ಗುಲು ಹಿಡಿದು. ಸ್ಟೇಷನ್ನಿಗೆ ಬರಲು ಊರವರೇ ಕಡಿದಾದ ರಸ್ತೆ ಹತ್ತಬೇಕಾಯಿತು.

ಸಮುದ್ರಮಟ್ಟದಿಂದ 350 ಮೀಟರ್. ಇಂಗ್ಲೆಂಡಿನ ಮುಖ್ಯ ಮಾರ್ಗಗಳಲ್ಲಿ ಇದೇ ಅತಿ ಎತ್ತರದ ಸ್ಟೇಷನ್. ಎರಡು ಪ್ಲಾಟ್‌ಫಾರಂ, ಮೇಲ್ಸೇತುವೆ ಇಲ್ಲ, ಹಳಿ ದಾಟಿಯೇ ಆಚೆ ಹೋಗಬೇಕು. 1970ರಲ್ಲಿ ಮುಚ್ಚಿ 1986ರಲ್ಲಿ ಮತ್ತೆ ತೆರೆದರು.

ನನಗೆ ಎಲ್ಲಕ್ಕಿಂತ ಇಷ್ಟ ಅಲ್ಲಿನ ಬೇಲಿ. ಹಳೇ ಮರದ ಸ್ಲೀಪರುಗಳನ್ನು, ಅಂದರೆ ಹಳಿಯಡಿ ಅಡ್ಡಲಾಗಿ ಹಾಕುವ ದಿಮ್ಮಿಗಳನ್ನು, ಬೆಟ್ಟದ ಕಡೆ ನೆಟ್ಟಗೆ ಹೂತಿದ್ದಾರೆ. ದನ ತಡೆಯಲಿಕ್ಕಲ್ಲ, ಹಿಮ ತಡೆಯಲಿಕ್ಕೆ. ಸಂದುಗಳಲ್ಲಿ ನುಗ್ಗುವ ಗಾಳಿಯ ವೇಗ ಇಳಿಯುತ್ತದೆ, ಹೊತ್ತು ತಂದ ಹಿಮ ಹಳಿಗೆ ಬರುವ ಮೊದಲೇ ಉದುರುತ್ತದೆ. ಸಾಧಾರಣ ಚಳಿಗಾಲಕ್ಕೆ ಅಷ್ಟು ಸಾಕು. 1947ರಲ್ಲಿ ಮಾತ್ರ ಸಾಲಲಿಲ್ಲ, ಈ ಮಾರ್ಗ ವಾರಗಟ್ಟಲೆ ಹಿಮದಡಿ ಬಂದ್ ಆಗಿತ್ತು.