ಸೆಮಾಫೋರ್: ಎರಡು ಬಾವುಟಗಳ ಬರವಣಿಗೆ

ಎರಡು ಕೈಗಳಲ್ಲಿ ಎರಡು ಪುಟ್ಟ ಬಾವುಟ ಹಿಡಿದು, ತೋಳುಗಳನ್ನು ಬೇರೆ ಬೇರೆ ಕೋನಗಳಲ್ಲಿ ನಿಲ್ಲಿಸಿ, ದೂರದಲ್ಲಿರುವವರಿಗೆ ಒಂದೊಂದೇ ಅಕ್ಷರವಾಗಿ ಸಂದೇಶ ಕಳುಹಿಸುವ ಪದ್ಧತಿಗೆ ಸೆಮಾಫೋರ್ ಎಂದು ಹೆಸರು. ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳಲ್ಲಿ, ಎನ್‌ಸಿಸಿಯ ನೌಕಾ ವಿಭಾಗದಲ್ಲಿ ಇದ್ದವರಿಗೆ ಇದು ಪರಿಚಿತ. ಶಾಲೆಯ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತು ಬಾವುಟ ಆಡಿಸುವುದನ್ನು ಕಂಡವರು ಇದನ್ನು ಕವಾಯತಿನ ಒಂದು ಬಗೆ ಎಂದೇ ತಿಳಿಯುತ್ತಾರೆ. ಎಷ್ಟೋ ಕಡೆ ಕಲಿಸುವುದೂ ಹಾಗೆಯೇ: ಎಲ್ಲರೂ ಒಟ್ಟಿಗೆ ಎ, ಎಲ್ಲರೂ ಒಟ್ಟಿಗೆ ಬಿ, ಕೊನೆಗೆ ಚಪ್ಪಾಳೆ. ಆ ಬಾವುಟಗಳನ್ನು ಎದುರಿನಿಂದ ಓದುವವರು ಯಾರೂ ಇರುವುದಿಲ್ಲ. ಓದುವವನಿಲ್ಲದಿದ್ದರೆ ಸೆಮಾಫೋರ್ ಅರ್ಧಕ್ಕೇ ನಿಂತಂತೆ. ಹದಿಹರೆಯದವರಿಗೆ ಇದನ್ನು ಇಂದಿಗೂ ಕಲಿಸಬೇಕು ಎಂದು ನಾನು ಒತ್ತಿ ಹೇಳುವುದು ಆ ಇನ್ನರ್ಧದ ಸಲುವಾಗಿಯೇ.

ಹೆಸರಿನ ಮೂಲ ಗ್ರೀಕ್: ಸಂಕೇತವನ್ನು ಹೊರುವುದು ಎಂದರ್ಥ. ಬಾವುಟಕ್ಕೂ ಮೊದಲು ಇದು ಗೋಪುರಗಳ ವಿದ್ಯೆಯಾಗಿತ್ತು. ಫ್ರಾನ್ಸಿನ ಕ್ಲೋಡ್ ಶಾಪ್ 1794ರಲ್ಲಿ ಪ್ಯಾರಿಸ್ ಮತ್ತು ಲಿಲ್ ನಗರಗಳ ನಡುವೆ ಸಾಲು ಗೋಪುರಗಳ ಮೇಲೆ ಮರದ ತೋಳುಗಳನ್ನು ನಿಲ್ಲಿಸಿ ಸುದ್ದಿ ಸಾಗಿಸಿದ. ಒಂದು ಗೋಪುರದವರು ದುರ್ಬೀನಿನಲ್ಲಿ ಹಿಂದಿನ ಗೋಪುರವನ್ನು ನೋಡಿ ಅದೇ ಭಂಗಿಯನ್ನು ತಮ್ಮ ತೋಳುಗಳಲ್ಲಿ ಮೂಡಿಸಬೇಕಿತ್ತು. ಭಾರತದಲ್ಲೂ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯಿಂದ ಈಗಿನ ಉತ್ತರ ಪ್ರದೇಶದ ಚುನಾರ್ ಕಡೆಗೆ ಇಂಥ ಗೋಪುರಗಳ ಸಾಲು ಎದ್ದಿತು; ಬಂಗಾಳದಲ್ಲಿ ಕೆಲವು ಈಗಲೂ ಪಾಳುಬಿದ್ದು ನಿಂತಿವೆ. ನಮಗೆ ಹೆಚ್ಚು ಗುರುತಿನದು ರೈಲ್ವೆಯ ಕೈಮರ. ತೋಳು ಅಡ್ಡಲಾಗಿದ್ದರೆ ನಿಲ್ಲು, ಕೆಳಕ್ಕೆ ಬಾಗಿದರೆ ಹೊರಡು. ಅದೂ ಸೆಮಾಫೋರ್ ವಂಶದ್ದೇ.

ಬಾವುಟದ ಸೆಮಾಫೋರ್‌ಗೆ ಬರೋಣ. ಕಳುಹಿಸುವವನನ್ನು ನಡುವಿಟ್ಟುಕೊಂಡು ಅವನ ಸುತ್ತ ಎಂಟು ದಿಕ್ಕುಗಳನ್ನು ಎಣಿಸಿ. ನೇರ ಕೆಳಗಿನದು ವಿಶ್ರಾಂತಿಯ ನೆಲೆ. ಉಳಿದವು ಏಳು, ಒಂದರಿಂದ ಇನ್ನೊಂದಕ್ಕೆ 45 ಡಿಗ್ರಿ. ಬಲಗೈ ಓರೆಯಾಗಿ ಕೆಳಗಿದ್ದರೆ ಎ, ಭುಜದ ಮಟ್ಟಕ್ಕೆ ಬಂದರೆ ಬಿ, ಓರೆಯಾಗಿ ಮೇಲಕ್ಕೆ ಹೋದರೆ ಸಿ, ನೆತ್ತಿಯ ಮೇಲೆ ನೆಟ್ಟಗೆ ನಿಂತರೆ ಡಿ. ಅಲ್ಲಿಂದಾಚೆ ಎಡಗೈಯ ಸರದಿ: ಓರೆಯಾಗಿ ಮೇಲೆ ಇ, ಭುಜದ ಮಟ್ಟದಲ್ಲಿ ಎಫ್, ಓರೆಯಾಗಿ ಕೆಳಗೆ ಜಿ. ಇದು ಮೊದಲನೆಯ ವೃತ್ತ. ಒಂದು ಬಾವುಟವನ್ನು ಎ ನೆಲೆಯಲ್ಲೇ ಹಿಡಿದು ಇನ್ನೊಂದನ್ನು ಉಳಿದ ಆರು ನೆಲೆಗಳಿಗೆ ಒಯ್ದರೆ ಎರಡನೆಯ ವೃತ್ತ: ಎಚ್, ಐ, ಕೆ, ಎಲ್, ಎಮ್, ಎನ್. ಹೀಗೆ ಒಂದು ಬಾವುಟ ಬಿ ನೆಲೆಗೆ, ಸಿ ನೆಲೆಗೆ ಸರಿಯುತ್ತ ಹೋದಂತೆ ವೃತ್ತಗಳು ಚಿಕ್ಕದಾಗುತ್ತವೆ. ಏಳು, ಆರು, ಐದು, ನಾಲ್ಕು, ಮೂರು, ಎರಡು, ಒಂದು: ಒಟ್ಟು 28. ಇಂಗ್ಲಿಷ್ ವರ್ಣಮಾಲೆಗೆ 26 ಹೋದರೆ ಉಳಿದದ್ದು ಎರಡು. ಅವುಗಳಲ್ಲಿ ಒಂದು ‘ಇನ್ನು ಅಂಕಿಗಳು’ ಎಂದು ತಿಳಿಸುವುದಕ್ಕೆ, ಇನ್ನೊಂದು ‘ಹೇಳಿದ್ದನ್ನು ರದ್ದು ಮಾಡು’ ಎನ್ನುವುದಕ್ಕೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇಷ್ಟು ಅಚ್ಚುಕಟ್ಟಾದ ಲೆಕ್ಕವನ್ನು ಮಕ್ಕಳಿಗೆ ತೋರಿಸದೆ ಗೋಡೆಗೆ ಚಾರ್ಟ್ ತೂಗುಹಾಕಿ ಬಾಯಿಪಾಠ ಮಾಡಿಸುವುದು ನನಗೆ ಸಂಕಟದ ಸಂಗತಿ. ಜೆ ಮತ್ತು ವೈ ಮಾತ್ರ ವರ್ಣಮಾಲೆಯ ಸಾಲು ಬಿಟ್ಟು ಬೇರೆ ವೃತ್ತಗಳಲ್ಲಿ ಕುಳಿತಿವೆ. ಅವೆರಡನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಅಂಕಿಗಳಿಗೆ ಹೊಸ ಭಂಗಿಗಳಿಲ್ಲ. ಎ ಎಂದರೆ 1, ಬಿ ಎಂದರೆ 2, ಹೀಗೆ ಐ ಎಂದರೆ 9. ಕೆ ಎಂದರೆ ಸೊನ್ನೆ.

ಕಲಿಸುವಾಗ ಎದುರಾಗುವ ಮೊದಲ ತೊಡಕು ಎಡಬಲದ್ದು. ಕಲಿಸುವವರು ಮಕ್ಕಳಿಗೆ ಎದುರಾಗಿ ನಿಂತು ಬಲಗೈ ಎತ್ತಿದರೆ ಮಕ್ಕಳು ಕನ್ನಡಿಯಲ್ಲಿ ಕಂಡವರಂತೆ ಎಡಗೈ ಎತ್ತುತ್ತಾರೆ. ಆಗ ಎ ಜಿ ಆಗುತ್ತದೆ, ಬಿ ಎಫ್ ಆಗುತ್ತದೆ. ‘ಬಾ’ ಎಂದು ಕರೆಯಲು ಬಿ-ಎ ಮಾಡಿದರೆ ಅತ್ತ ಸೇರುವುದು ಎಫ್-ಜಿ. ‘ನೀರು’ ಎಂಬುದನ್ನು ಎನ್-ಇ-ಇ-ಆರ್-ಯು ಎಂದು ಕಳುಹಿಸಿದರೆ ಇನ್ನೂ ಸ್ವಾರಸ್ಯ: ಎನ್, ಆರ್, ಯು ಮೂರರಲ್ಲೂ ಎರಡೂ ತೋಳುಗಳು ಸಮವಾಗಿರುವುದರಿಂದ ಅವು ಕೆಡುವುದಿಲ್ಲ, ನಡುವಿನ ಎರಡು ಇ ಮಾತ್ರ ಸಿ ಆಗಿಬಿಡುತ್ತವೆ. ಅದಕ್ಕಾಗಿಯೇ ಅನುಭವಿಗಳು ಮೊದಲ ಪಾಠವನ್ನು ಮಕ್ಕಳಿಗೆ ಬೆನ್ನು ತಿರುಗಿಸಿ ನಿಂತು ಮಾಡುತ್ತಾರೆ. ಮಕ್ಕಳು ಮಾಡಲು ಕಲಿತ ಮೇಲೆ ಎದುರು ತಿರುಗಿ ಓದಲು ಕಲಿಸುತ್ತಾರೆ. ಮಾಡುವುದು ಒಂದು ವಿದ್ಯೆ, ಓದುವುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚು ದಿನ ಹಿಡಿಯುತ್ತದೆ.

‘ನೀರು’ ಪದದಲ್ಲಿ ಇನ್ನೊಂದು ಪಾಠವೂ ಇದೆ. ಅಕ್ಷರದಿಂದ ಅಕ್ಷರಕ್ಕೆ ಹೋಗುವಾಗ ಬಾವುಟಗಳನ್ನು ಕೆಳಗಿಳಿಸುವುದಿಲ್ಲ. ಪದ ಮುಗಿದಾಗಷ್ಟೇ ಇಳಿಸುತ್ತಾರೆ. ಆದರೆ ಒಂದೇ ಅಕ್ಷರ ಎರಡು ಸಲ ಬಂದರೆ ನಡುವೆ ಬಾವುಟವನ್ನು ಮೈಗೆ ಸೆಳೆದು ಮತ್ತೆ ಚಾಚಬೇಕು. ಇಲ್ಲದಿದ್ದರೆ ಎರಡು ಇ ಒಂದಾಗಿ ಕಾಣುತ್ತವೆ. ಕನ್ನಡದ ಸಂದೇಶಗಳಲ್ಲಿ ಇದು ಪದೇ ಪದೇ ಬರುತ್ತದೆ, ಏಕೆಂದರೆ ದೀರ್ಘ ಸ್ವರಕ್ಕೂ ಒತ್ತಕ್ಷರಕ್ಕೂ ನಾವು ಅಕ್ಷರವನ್ನು ಇಮ್ಮಡಿಸುತ್ತೇವೆ. ಕೆ-ಎ-ಎಲ್-ಯು ಎಂದು ಬಂದರೆ ಅದು ಕಾಲೋ, ಕಾಳೋ, ಕಲ್ಲೋ? ಶಿಬಿರದ ಅಡುಗೆಯವರಿಗೆ ಕಾಳು ಬೇಕಾಗಿದ್ದಾಗ ಕಲ್ಲು ಹೊತ್ತು ತಂದರೆ ಪ್ರಯೋಜನವಿಲ್ಲ. ದೀರ್ಘವನ್ನು ಹೇಗೆ ಬರೆಯುವುದು, ‘ಳ’ವನ್ನು ಹೇಗೆ ತೋರಿಸುವುದು ಎಂಬುದನ್ನು ಎರಡೂ ಕಡೆಯವರು ಮೊದಲೇ ಕುಳಿತು ಒಪ್ಪಿಕೊಳ್ಳಬೇಕು. ಈ ಒಪ್ಪಂದವನ್ನು ಮಕ್ಕಳಿಂದಲೇ ಮಾಡಿಸಿ. ಅವರು ಜಗಳವಾಡಿ ಒಂದು ತೀರ್ಮಾನಕ್ಕೆ ಬರುವ ಆ ಅರ್ಧ ಗಂಟೆಯಲ್ಲಿ ಸಂವಹನದ ಬಗ್ಗೆ ಕಲಿಯುವಷ್ಟನ್ನು ಯಾವ ಭಾಷಣದಿಂದಲೂ ಕಲಿಯುವುದಿಲ್ಲ.

ಓದುವ ಕಡೆ ಇಬ್ಬರಿರಬೇಕು. ಒಬ್ಬನ ಕಣ್ಣು ಎದುರಿನ ಬಾವುಟಗಳಿಂದ ಕದಲಕೂಡದು. ಅವನು ಅಕ್ಷರಗಳನ್ನು ಗಟ್ಟಿಯಾಗಿ ಹೇಳುತ್ತ ಹೋಗುತ್ತಾನೆ. ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಓದುವವನೇ ಬರೆಯಲು ತಲೆ ತಗ್ಗಿಸಿದರೆ ಒಂದು ಅಕ್ಷರ ಹೋಯಿತೆಂದೇ ಲೆಕ್ಕ. ಹಡಗುಗಳ ಹಳೆಯ ಅಂತರರಾಷ್ಟ್ರೀಯ ಸಂಕೇತ ನಿಯಮದಲ್ಲಿ ಒಂದು ಕಟ್ಟಳೆಯಿತ್ತು: ಒಂದೊಂದು ಪದ ಮುಗಿದಾಗಲೂ ಪಡೆದವನು ಸಿ ಭಂಗಿಯಿಂದ ‘ತಲುಪಿತು’ ಎಂದು ತಿಳಿಸಬೇಕು. ಸಿ ಬರದಿದ್ದರೆ ಕಳುಹಿಸುವವನು ಅದೇ ಪದವನ್ನು ಮತ್ತೆ ಮಾಡಬೇಕು. ತಾನೇ ತಪ್ಪಿದರೆ ಸಾಲಾಗಿ ಇ ತೋರಿಸಿ ಪದವನ್ನು ತಿದ್ದಿಕೊಳ್ಳಬೇಕು. ಸಿ ಮತ್ತು ಇ ಒಂದಕ್ಕೊಂದು ಎಡಬಲ ಎಂಬುದನ್ನು ಗಮನಿಸಿ. ಎಡಬಲ ಇನ್ನೂ ಗಟ್ಟಿಯಾಗದ ಮಕ್ಕಳಿಗೆ ‘ತಲುಪಿತು’ ಎಂಬುದೇ ‘ತಪ್ಪಿತು’ ಎಂದು ಕಾಣುತ್ತದೆ. ಇಲ್ಲಿ ವೇಗವನ್ನು ನಿರ್ಧರಿಸುವವನು ಓದುವವನು. ಬಾವುಟ ಬೀಸುವುದರಲ್ಲಿ ಎಷ್ಟೇ ಚುರುಕಿದ್ದರೂ ಎದುರಿನಿಂದ ಸಿ ಬರುವವರೆಗೆ ಕಾಯಲೇಬೇಕು. ಹದಿಮೂರು ಹದಿನಾಲ್ಕರ ಹುರುಪಿಗೆ ಆ ಕಾಯುವಿಕೆ ಸುಲಭವಲ್ಲ. ಅದಕ್ಕೇ ಇದನ್ನು ಆ ವಯಸ್ಸಿನಲ್ಲೇ ಕಲಿಸಬೇಕು.

ಸೀಟಿಯ ಸಂಕೇತಗಳು ಇದಕ್ಕಿಂತ ಸರಳ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1908ರ ಕೈಪಿಡಿಯಲ್ಲೇ ಅವುಗಳನ್ನು ವಿವರಿಸಿದ್ದಾರೆ: ಒಂದು ದೀರ್ಘ ಸೀಟಿ ಕೇಳಿದರೆ ನಿಶ್ಶಬ್ದ, ಚಿಕ್ಕ ಚಿಕ್ಕ ಸೀಟಿಗಳ ಸಾಲು ಕೇಳಿದರೆ ಒಟ್ಟುಗೂಡುವುದು, ಚಿಕ್ಕದು ದೀರ್ಘ ಬದಲಿ ಬದಲಿಯಾಗಿ ಬಂದರೆ ಅಪಾಯ. ಆದರೆ ಅವು ಆಜ್ಞೆಗಳು, ಒಂದೇ ದಿಕ್ಕಿಗೆ ಹೋಗುತ್ತವೆ. ಚುಕ್ಕಿ ಮತ್ತು ಗೆರೆ ಎನ್ನುವ ಗಿಡ್ಡ, ಉದ್ದ ಸದ್ದುಗಳಲ್ಲಿ ಅಕ್ಷರ ಕಳುಹಿಸುವ ಮೋರ್ಸ್ ಸಂಕೇತಕ್ಕೆ ಕಿವಿ ಪಳಗಬೇಕು. ಒಂದು ಗೆರೆ ಮೂರು ಚುಕ್ಕಿಗಳಷ್ಟು ಉದ್ದ, ಅಕ್ಷರಗಳ ನಡುವೆ ಮೂರು ಚುಕ್ಕಿಗಳಷ್ಟು ಮೌನ, ಪದಗಳ ನಡುವೆ ಏಳರಷ್ಟು. ರಾತ್ರಿ ಟಾರ್ಚಿನಲ್ಲೂ ಕಳುಹಿಸಬಹುದು ಎಂಬುದು ಅದರ ಹೆಚ್ಚುಗಾರಿಕೆ. ಮೊದಲು ಸೆಮಾಫೋರ್, ಆಮೇಲೆ ಮೋರ್ಸ್ ಎಂಬುದು ನನ್ನ ಕ್ರಮ. ಸೆಮಾಫೋರ್‌ನಲ್ಲಿ ತಪ್ಪು ಎಲ್ಲಾಯಿತೆಂದು ಕಣ್ಣಿಗೇ ಕಾಣುತ್ತದೆ.

ಮಕ್ಕಳ ಕುತೂಹಲ ಕೆರಳಿಸಲು ಶಾಂತಿಯ ಚಿಹ್ನೆಯನ್ನು ಹಲಗೆಯ ಮೇಲೆ ಬರೆಯಿರಿ: ಒಂದು ವೃತ್ತ, ನಡುವೆ ನೆಟ್ಟನೆ ಗೆರೆ, ಕೆಳಗೆ ಎರಡು ಓರೆಗೆರೆ. ಬ್ರಿಟನ್ನಿನ ಜೆರಾಲ್ಡ್ ಹೋಲ್ಟಮ್ 1958ರಲ್ಲಿ ಅಣ್ವಸ್ತ್ರ ವಿರೋಧಿ ಚಳವಳಿಗಾಗಿ ರಚಿಸಿದ ಆ ಚಿಹ್ನೆಯಲ್ಲಿರುವುದು ‘ನ್ಯೂಕ್ಲಿಯರ್ ಡಿಸಾರ್ಮಮೆಂಟ್’ ಪದಗಳ ಎನ್ ಮತ್ತು ಡಿ, ಒಂದರ ಮೇಲೊಂದು ಇಟ್ಟ ಸೆಮಾಫೋರ್ ಭಂಗಿಗಳು.

ಬಾವುಟಗಳು ಕರ್ಣದಲ್ಲಿ ಕೆಂಪು ಹಳದಿಯಾಗಿ ಒಡೆದಿದ್ದರೆ ಸಮುದ್ರದವು. ನೆಲದ ಮೇಲೆ ನೀಲಿ ಬಿಳಿಯದು ರೂಢಿ. ಇಲ್ಲದಿದ್ದರೆ ಹಳೆಯ ಬಟ್ಟೆ, ಎರಡು ಕೋಲು ಸಾಕು. ಕೋಲು ಮತ್ತು ತೋಳು ಒಂದೇ ಗೆರೆಯಲ್ಲಿರಲಿ, ಮೊಣಕೈ ಮಡಿಸದಿರಲಿ. ಮೊದಲ ದಿನ ಏಳೇ ಅಕ್ಷರ ಕಲಿಸಿ. ಅಷ್ಟರಲ್ಲೇ ‘ಬೇಡ’, ‘ಎದೆ’, ‘ಗದೆ’, ‘ಬಗೆ’ ಎಂದು ಕಳುಹಿಸಬಹುದು. ಎರಡನೆಯ ವೃತ್ತ ಬಂದ ದಿನ ‘ಮನೆ’, ‘ಮಳೆ’, ‘ಕಡಲೆ’ ಎಲ್ಲ ಕೈಗೆ ಸಿಗುತ್ತವೆ. ಮೈದಾನದ ಈ ತುದಿಯಲ್ಲಿ ಇಬ್ಬರು, ಆ ತುದಿಯಲ್ಲಿ ಇಬ್ಬರು, ಅರ್ಧ ಹೊತ್ತಿಗೆ ಪಾತ್ರ ಅದಲುಬದಲು. ಬರೆದುಕೊಂಡ ಚೀಟಿಯನ್ನೂ ಕಳುಹಿಸಿದವರ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಮಕ್ಕಳೇ ತಾಳೆ ನೋಡಲಿ.